ನೀರು ತಂದ ಸಿರಿ

ಸಿರಿ ಬೇಡವೆನ್ನುವವರು ಲೋಕದಲ್ಲಿ ವಿರಳ. ಬರಗಾಲವನ್ನು ಕಂಡುಂಡ ನಾಡಿಗಂತೂ ಅದು ವರವೇ ಸರಿ. ಆದರೆ ಸಿರಿಯೊಡನೆ ಮಿತಿಯ ಅರಿವೂ ಬೆಳೆಯದಿದ್ದರೆ, ಅದನ್ನು ಕೊಟ್ಟ ನೆಲಜಲಗಳೇ ಸೊರಗುತ್ತವೆ. ಬಳ್ಳಾರಿ ಸೀಮೆ ಇದಕ್ಕೊಂದು ನಿದರ್ಶನ.

ಮಳೆ ಕಡಿಮೆಯಾದ ಈ ಸೀಮೆಯ ಎರೆಹೊಲಗಳಲ್ಲಿ ಹಿಂದೆ ಜೋಳ, ನವಣೆ, ಹತ್ತಿ ಬೆಳೆಯುತ್ತಿದ್ದವು. ಜೋಳದ ರೊಟ್ಟಿಯೇ ನಿತ್ಯದ ಊಟ. ಅನ್ನವೆಂದರೆ ಹಬ್ಬದ ಅಡುಗೆ. 1953ರಲ್ಲಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿಯತೊಡಗಿತು. ಇದ್ದ ನೀರನ್ನು ಆದಷ್ಟು ಹೆಚ್ಚು ಹೊಲಗಳಿಗೆ ಹಂಚಿ ಬರವನ್ನು ತಡೆಯುವುದು ಯೋಜನೆಯ ಉದ್ದೇಶವಾಗಿತ್ತು. ಆದ್ದರಿಂದಲೇ ಬಹುಪಾಲು ಭೂಮಿಯನ್ನು ಕಡಿಮೆ ನೀರು ಬೇಡುವ ಬೆಳೆಗಳಿಗೆ ಗೊತ್ತುಪಡಿಸಲಾಗಿತ್ತು. ಆದರೆ ಲಾಭ ಭತ್ತದಲ್ಲಿತ್ತು. ಸಿರುಗುಪ್ಪ, ಕುರುಗೋಡುಗಳ ಸುತ್ತ ಗದ್ದೆಗಳು ಹಬ್ಬಿದವು. ಅಕ್ಕಿಯ ಗಿರಣಿಗಳು ತಲೆಯೆತ್ತಿದವು. ಹಬ್ಬದ ಅನ್ನ ನಿತ್ಯದ ಅನ್ನವಾಯಿತು.

ಇದು ಸಂತೋಷದ ಸಂಗತಿಯೇ. ಆದರೆ ಎರೆಮಣ್ಣಿನಲ್ಲಿ ನೀರು ಬೇಗ ಬಸಿದು ಹೋಗುವುದಿಲ್ಲ. ಸದಾ ನೀರು ನಿಂತರೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಾತ್ರ ನೆಲದ ಮೇಲೆ ಉಳಿಯುತ್ತದೆ. ಹೀಗೆ ತುಂಗಭದ್ರಾ ಕಾಲುವೆಗಳ ಪ್ರದೇಶದಲ್ಲಿ ಎಷ್ಟೋ ಭೂಮಿ ಸವುಳಾಗಿ ಬೆಳೆಗೆಟ್ಟಿದೆ. ಮೇಲ್ಭಾಗದವರು ಹೆಚ್ಚು ನೀರು ಹಾಯಿಸಿದಷ್ಟೂ ಕಾಲುವೆಯ ಕೊನೆಯ ರೈತನ ಹೊಲ ಒಣಗುತ್ತದೆ. ಜಲಾಶಯವೂ ಮೊದಲಿನಂತಿಲ್ಲ. ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಅದರ ಒಡಲು, ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ.

ಬಳ್ಳಾರಿ ನಗರದ ಸಿರಿಯಾದರೋ ಬೇರೆ ಬಗೆಯದು. ಇಲ್ಲಿ ಹೊಲಿಯುವ ಜೀನ್ಸ್ ಉಡುಪು ದೂರದೂರದ ಪೇಟೆಗಳನ್ನು ಸೇರುತ್ತದೆ. ಹೊಸ ಬಟ್ಟೆ ಹಳತಾದಂತೆ ಕಾಣಲೆಂದು ಅದನ್ನು ಮತ್ತೆ ಮತ್ತೆ ತೊಳೆಯುತ್ತಾರೆ. ತೊಡುವವರು ಎಲ್ಲಿಯೋ ಇರುತ್ತಾರೆ. ಬಣ್ಣದ ಕೊಳೆನೀರು ಇಲ್ಲಿಯೇ ಉಳಿಯುತ್ತದೆ. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರಿಗೆ ಹೊರದೇಶಗಳಲ್ಲಿ ಬೇಡಿಕೆ ಏರಿದಾಗ ಅಗೆತವೂ ಮಿತಿಮೀರಿತು. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಬೇಕಾಯಿತು. ತಾನಾಗಿ ಮಿತಿಯನ್ನರಿಯದವನಿಗೆ ಹೊರಗಿನವರು ಮಿತಿ ಹಾಕಬೇಕಾಗುತ್ತದೆ.

ಹಾಗೆಂದು ಅನ್ನವನ್ನಾಗಲಿ ಉದ್ಯೋಗವನ್ನಾಗಲಿ ತೊರೆಯಬೇಕಾಗಿಲ್ಲ. ಹೆಚ್ಚಿನ ನೀರು ಹರಿದುಹೋಗಲು ಬಸಿಗಾಲುವೆ ತೋಡಬಹುದು. ಭತ್ತದ ನಡುವೆ ಜೋಳಕ್ಕೂ ಕಡಲೆಗೂ ಎಡೆಗೊಡಬಹುದು. ಬಣ್ಣದ ನೀರನ್ನು ಶುದ್ಧಿಮಾಡಿ ಮರಳಿ ಬಳಸಬಹುದು. ಕೊಳ್ಳುವವರೂ ತಮಗೆ ನಿಜವಾಗಿ ಬೇಕಾದುದೆಷ್ಟು ಎಂದು ಕೇಳಿಕೊಳ್ಳಬಹುದು. ಜೋಳದ ಹೊಲವನ್ನು ಹಿರಿಯರು ಮಕ್ಕಳ ಕೈಗೆ ಹಸನಾಗಿಯೇ ಒಪ್ಪಿಸಿದ್ದರು. ಭತ್ತದ ಗದ್ದೆಯನ್ನು ಪಡೆದವರು ತಮ್ಮ ಮಕ್ಕಳಿಗೆ ಉಪ್ಪಿನ ನೆಲವನ್ನು ಬಿಟ್ಟುಹೋದರೆ, ಅದು ಸಿರಿಯೆನಿಸಲಾರದು, ಸಾಲವೆನಿಸುತ್ತದೆ.