ಗೃಹಸ್ಥರೊಡನೆ: ಘಟ್ಟದಲ್ಲಿ ಬಲಗುಂದುವ ಲಾರಿ

ಸ್ವಂತ ಲಾರಿಯನ್ನು ನಂಬಿ ಸಂಸಾರ ನಡೆಯಿಸುವವರು ನಮ್ಮ ವಾಚಕರಲ್ಲಿ ಹಲವರಿರುವರು. ಹಾಸನದ ಕಡೆಯ ಅಂತಹ ಮಹನೀಯರೊಬ್ಬರು ಬರೆದು ಕೇಳಿರುವುದೇನೆಂದರೆ: ಮಂಗಳೂರಿನಿಂದ ಸರಕು ಹೇರಿಕೊಂಡು ಶಿರಾಡಿ ಘಟ್ಟವನ್ನೇರುವಾಗ ಗಾಡಿಯು ಇದ್ದಕ್ಕಿದ್ದಂತೆ ಎಳೆಯದಾಗುವುದು, ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಓಡುವುದು. ಟರ್ಬೊ ಕೆಟ್ಟಿದೆಯೆಂದು ಗ್ಯಾರೇಜಿನವರು ಹತ್ತಾರು ಸಾವಿರ ರೂಪಾಯಿಗಳ ಲೆಕ್ಕವನ್ನು ಕೊಟ್ಟಿರುವರು. ಬ್ಯಾಂಕಿನ ಕಂತು ಬಾಕಿಯಿದೆ. ಮನೆಯಾಕೆಯ ಬಳೆಗಳನ್ನು ಅಡವಿಡಬಹುದೇ?

ಬಳೆಗಳು ಸದ್ಯಕ್ಕೆ ಕೈಯಲ್ಲಿಯೇ ಇರಲಿ ಎಂಬುದು ನಮ್ಮ ಉತ್ತರ. ಕಾರಣವನ್ನು ಹೇಳುವೆವು.

ಇಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯು ದಾರಿಯಲ್ಲಿ ಒಂದು ಚಕ್ರವನ್ನು ತಿರುಗಿಸುವುದು. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರವು ಹೊರಗಣ ಗಾಳಿಯನ್ನೆಳೆದು ಒತ್ತಿ ಇಂಜಿನಿಗೆ ತುಂಬುವುದು. ಇದೇ ಟರ್ಬೊ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಡೀಸೆಲನ್ನು ಉರಿಸಬಹುದು, ಬಲವೂ ಹೆಚ್ಚುವುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು 1905ರಲ್ಲಿ ಈ ಉಪಾಯಕ್ಕೆ ಪೇಟೆಂಟು ಪಡೆದನು. ಒತ್ತಿದ ಗಾಳಿಯು ಬಿಸಿಯೇರುವುದರಿಂದ ಅದನ್ನು ಇಂಟರ್‌ಕೂಲರಿನಲ್ಲಿ ತಣಿಸಿ, ರಬ್ಬರಿನ ಹೋಸುಗಳ ಮೂಲಕ ಇಂಜಿನಿಗೆ ಮುಟ್ಟಿಸುವರು.

ಟರ್ಬೊವಿನ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತುಗಳಷ್ಟು ವೇಗವನ್ನು ಮುಟ್ಟಬಲ್ಲವು. ಅಂತಹ ಚಕ್ರದ ರೆಕ್ಕೆ ಮುರಿದರೆ ಅಥವಾ ಬೇರಿಂಗು ಸವೆದು ಚಕ್ರವು ಗೋಡೆಗೆ ಉಜ್ಜಿದರೆ, ಘಟ್ಟದ ತಲೆಯಲ್ಲಿ ಅದು ತಾನಾಗಿ ವಾಸಿಯಾಗುವುದುಂಟೇ? ಬಂದುಹೋಗುವ ದೋಷಕ್ಕೆ ಬಂದುಹೋಗುವ ಕಾರಣವೇ ಇರಬೇಕು. ಶಾಖ, ಒತ್ತಡ, ಕುಲುಕಾಟಗಳು ಒದಗಿದಾಗ ಮಾತ್ರ ತೆರೆದುಕೊಳ್ಳುವ ಅಥವಾ ಸಡಿಲುವ ವಸ್ತುವನ್ನು ಮೊದಲು ಹುಡುಕತಕ್ಕದ್ದು. ತಾರ್ಕಿಕರು ಇದನ್ನು ಅನ್ವಯವ್ಯತಿರೇಕವೆನ್ನುವರು: ಯಾವುದಿದ್ದಾಗ ದೋಷವಿರುವುದು, ಯಾವುದಿಲ್ಲದಾಗ ಇರುವುದಿಲ್ಲ ಎಂದು ಎರಡನ್ನೂ ನೋಡುವುದು. ಕೆಲವು ಹೊಸ ಮಾದರಿಯ ಟರ್ಬೊಗಳೊಳಗೆ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಸಣ್ಣ ರೆಕ್ಕೆಗಳುಂಟು. ಅವು ಮಸಿ ಹಿಡಿದು ಒಮ್ಮೊಮ್ಮೆ ಅಂಟಿಕೊಳ್ಳುವುವು. ಆಗಲೂ ಮೊದಲು ಶುಚಿಮಾಡಿಸಿ ನೋಡಬಹುದು.

ನಮ್ಮ ಸೋದರಳಿಯನ ಲಾರಿಗೆ ಕಳೆದ ವರ್ಷ ಇದೇ ವ್ಯಾಧಿ ಹಿಡಿದಿತ್ತು. ಮೂವರು ಮೇಸ್ತ್ರಿಗಳು ಮೂರು ಮಾತು ಹೇಳಿದರು. ನಾವು ಕ್ಲೀನರ್ ಹುಡುಗನ ಕೈಗೆ ಒಂದು ನೋಟುಬುಕ್ಕನ್ನು ಕೊಟ್ಟು, ಹೇರು ಎಷ್ಟು, ಏರೋ ಸಮನೆಲವೋ, ಇಂಜಿನು ಬಿಸಿಯಾಗಿ ಎಷ್ಟು ಹೊತ್ತಾಗಿತ್ತು, ಹೊಗೆಯ ಬಣ್ಣವೇನು, ಬಲವು ಹೇಗೆ ಮರಳಿತು ಎಂಬಿಷ್ಟನ್ನು ಬರೆಯಹೇಳಿದೆವು. “ಇದೇನು ಮೇಷ್ಟ್ರೇ, ಪರೀಕ್ಷೆಯೇ?” ಎಂದು ಡ್ರೈವರು ನಕ್ಕನು. ಹನ್ನೆರಡು ದಿನಗಳ ಬರಹದಲ್ಲಿ ಖಾಲಿ ಗಾಡಿಗೆ ಒಮ್ಮೆಯೂ ತೊಂದರೆಯಿಲ್ಲ. ಹೇರಿದ ಗಾಡಿಗೂ ಸಮನೆಲದಲ್ಲಿ ಇಲ್ಲ. ಹೇರು, ಏರು ಎರಡೂ ಕೂಡಿದಾಗ ಮಾತ್ರ ಉಂಟು. ಎರಡು ಕಡೆ ಆ ಹುಡುಗನು “ಮೊದಲು ಸುಯ್ ಎಂದಿತು” ಎಂದು ತಾನಾಗಿಯೇ ಸೇರಿಸಿದ್ದನು. ಆ ಮಾತೇ ದಾರಿ ತೋರಿತು. ಇಂಜಿನನ್ನು ನಿಲ್ಲಿಸಿ ತಣಿಸಿ, ಗಾಳಿಯ ದಾರಿಯನ್ನು ಮುಚ್ಚಿ ಮಿತವಾದ ಒತ್ತಡದಲ್ಲಿ ಗಾಳಿ ತುಂಬಿ ಸಾಬೂನು ನೀರನ್ನು ಸವರಿಸಲು, ಇಂಟರ್‌ಕೂಲರಿನ ಕೆಳಗಣ ಹೋಸಿನ ಅಡಿಯಲ್ಲಿ ನೊರೆಯೆದ್ದಿತು. ಕ್ಲಾಂಪಿನ ಮಗ್ಗುಲಲ್ಲಿ ಒಂದು ಸೀಳು. ಒತ್ತಡವಿಲ್ಲದಾಗ ತುಟಿ ಮುಚ್ಚಿದಂತೆ ಮುಚ್ಚಿಕೊಳ್ಳುತ್ತಿತ್ತು. ಹೋಸನ್ನು ಬದಲಿಸಿದ ಮೇಲೆ ಗಾಡಿ ಸರಿಯಾಯಿತು.

ಎಲ್ಲ ಲಾರಿಗಳಿಗೂ ಹೋಸೇ ಕಾರಣವೆಂದು ನಾವು ಹೇಳುವುದಿಲ್ಲ. ಚಾವಿಯನ್ನು ತಿರುಗಿಸಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗಲೇ ಬಲವು ಮರಳುವುದಾದರೆ, ಈಗಿನ ಗಾಡಿಗಳಲ್ಲಿರುವ ಕಂಪ್ಯೂಟರು ಗಾಳಿಯ ಒತ್ತಡದಲ್ಲಿ ವ್ಯತ್ಯಾಸ ಕಂಡು ಇಂಜಿನಿನ ರಕ್ಷಣೆಗಾಗಿ ಡೀಸೆಲನ್ನು ತಗ್ಗಿಸಿರಬಹುದು. ಅದರಲ್ಲಿ ದಾಖಲಾದ ಸಂಕೇತವನ್ನು ಓದಿಸಿ, ಸೆನ್ಸರು, ಅದರ ತಂತಿಯ ಜೋಡಣೆ, ಟರ್ಬೊವನ್ನು ಅಂಕೆಯಲ್ಲಿಡುವ ಸಣ್ಣ ಕೊಳವೆ ಇವುಗಳನ್ನು ನೋಡಿಸತಕ್ಕದ್ದು. ಸಂಕೇತವು ಲಕ್ಷಣವನ್ನು ಹೇಳುವುದೇ ಹೊರತು ಕಾರಣವನ್ನಲ್ಲ. ಅದನ್ನೋದಿದೊಡನೆ ಟರ್ಬೊ ಬದಲಿಸಿರೆನ್ನುವುದು ಜ್ವರದ ಕಡ್ಡಿಯನ್ನು ನೋಡಿ ಶಸ್ತ್ರಚಿಕಿತ್ಸೆಗೆ ಕರೆದಂತೆ.

ಮತ್ತೊಂದು ಸೂಕ್ಷ್ಮವುಂಟು. ಟರ್ಬೊ ತಿರುಗುವುದು ಇಂಜಿನಿನ ಬೆಂಕಿಯಿಂದ. ಡೀಸೆಲ್ ಫಿಲ್ಟರು ಕಟ್ಟಿಕೊಂಡು ಡೀಸೆಲು ಸಾಲದಾದರೆ ಬೆಂಕಿ ಕುಗ್ಗುವುದು, ಟರ್ಬೊವೂ ನಿಧಾನಿಸುವುದು. ಆಗ ಗಾಳಿಯ ಒತ್ತಡ ಕಡಿಮೆಯೆಂದು ಟರ್ಬೊವನ್ನು ದೂರಿದರೆ ಕಾರ್ಯವನ್ನೇ ಕಾರಣವೆಂದು ಬಗೆದಂತಾಯಿತು. ಗಾಳಿಯ ಕೊರತೆಯಲ್ಲಿ ಸಾಮಾನ್ಯವಾಗಿ ಹೊಗೆ ಕಪ್ಪಾಗುವುದು, ಡೀಸೆಲಿನ ಕೊರತೆಯಲ್ಲಿ ಹಾಗಾಗದು. ಕಂಪ್ಯೂಟರುಳ್ಳ ಗಾಡಿಗಳಲ್ಲಿ ಮಾತ್ರ ಈ ಗುರುತನ್ನು ಪೂರ್ತಿಯಾಗಿ ನಂಬಲಾಗದು.

ದೋಷವು ಸಿಕ್ಕುವವರೆಗೆ ಡ್ರೈವರು ಏರಿನಲ್ಲಿ ಇನ್ನೊಂದು ಗಾಡಿಯನ್ನು ಹಿಂದಿಕ್ಕಲೇಕೂಡದು. ಎದುರಿನಿಂದ ಬಸ್ಸು ಬರುವಾಗ ಬಲ ಹೋದರೆ ಅಲ್ಲಿ ನೋಟುಬುಕ್ಕು ಉಪಯೋಗಕ್ಕೆ ಬಾರದು. ನೀಲಿ ಹೊಗೆ ಕಂಡು ಇಂಜಿನಿನ ಎಣ್ಣೆಯೂ ಕಡಿಮೆಯಾಗುತ್ತಿದ್ದರೆ ಗಾಡಿಯನ್ನು ಓಡಿಸದೆ ನಿಲ್ಲಿಸಿಬಿಡಬೇಕು. ಆಗ ಟರ್ಬೊವಿನ ಮೇಲಣ ಸಂಶಯಕ್ಕೆ ಆಧಾರವುಂಟು. ಆ ಎಣ್ಣೆಯನ್ನೇ ಕುಡಿದು, ಚಾವಿ ತೆಗೆದರೂ ನಿಲ್ಲದೆ ಇಂಜಿನು ಓಡಿದ ಪ್ರಸಂಗಗಳಿವೆ.

ಟರ್ಬೊವನ್ನು ಬದಲಿಸಲು ಒಪ್ಪುವ ಮೊದಲು, ಇಂಜಿನು ನಿಂತು ಪೂರ್ತಿಯಾಗಿ ತಣಿದ ಮೇಲೆ, ಗಾಳಿಯ ಕಡೆಯ ಪೈಪನ್ನು ಬಿಚ್ಚಿಸಿ ಚಕ್ರವನ್ನು ಬೆರಳಿನಿಂದ ತಿರುಗಿಸಿ ತೋರಿಸಿರೆಂದು ಕೇಳಿರಿ. ರೆಕ್ಕೆಗಳು ನೆಟ್ಟಗಿದ್ದು, ಗೋಡೆಗೆ ತಾಗದೆ ಸರಾಗವಾಗಿ ಸುತ್ತಿ, ಅಚ್ಚು ಹಿಂದುಮುಂದಾಗಿ ಸರಿಯದಿದ್ದರೆ, ಹೊಸದು ಏತಕ್ಕೆಂದು ವಿಚಾರಿಸಬಹುದು.