ಶಿಫಾರಸು ಪತ್ರ ಭಿಕ್ಷೆಯಲ್ಲ

ಕೇರಳಕ್ಕೆ ಜಪಾನೀ ಧಣಿ ಹೊಸಬನಲ್ಲ. ಕೊಚ್ಚಿಯ ಜೆಲಾಟಿನ್ ಕಂಪೆನಿ 1975ರದು. ತಿರುವನಂತಪುರಕ್ಕೆ 2018ರಲ್ಲಿ ನಿಸ್ಸಾನ್ ಬಂತು. ಯಾವ ಕಂಪೆನಿಯಲ್ಲಾದರೂ ಸರಿ, ಮುಂದೆ ಓದಬೇಕೆನ್ನುವ ಹುಡುಗನಿಂದ ಹೊರದೇಶದ ವಿಶ್ವವಿದ್ಯಾಲಯ ಅನೇಕ ವೇಳೆ ಈಗಿನ ಮೇಲಧಿಕಾರಿಯ ಶಿಫಾರಸು ಪತ್ರವನ್ನೇ ಕೇಳುತ್ತದೆ. ಬಾಯಿಬಿಟ್ಟರೆ 'ಬಿಟ್ಟು ಹೋಗುವವನು' ಎಂಬ ಮುದ್ರೆ! ರಾತ್ರಿ ಶಾಲೆಗೆ ಹೋಗುತ್ತೇನೆಂದು ಗಲ್ಲೆಯ ಮುಂದೆ ನಿಂತ ನಮ್ಮ ಮಾಣಿಗಳಿಗೂ ಇದೇ ಹೆದರಿಕೆಯಿತ್ತು.

ಆ ಧಣಿಯ ದೇಶದ ಕಾನೂನು ಏನೆನ್ನುತ್ತದೆ? 1947ರ ಜಪಾನೀ ಕಾರ್ಮಿಕ ಕಾಯಿದೆಯ 22ನೆಯ ಕಲಮಿನಂತೆ, ಕೆಲಸ ಬಿಡುವವನು ಕೇಳಿದರೆ ಎಷ್ಟು ಕಾಲ, ಯಾವ ಕೆಲಸ, ಎಷ್ಟು ಸಂಬಳ ಎಂಬುದನ್ನು ತಡಮಾಡದೆ ಬರೆದುಕೊಡಬೇಕು. ಅವನು ಕೇಳದ್ದನ್ನು ಬರೆಯಕೂಡದು. ಗುಪ್ತ ಗುರುತಂತೂ ಕೂಡದು. ಆ ಕಾನೂನು ಇಲ್ಲಿ ನಡೆಯದು, ನಿಜ. ನಮ್ಮ 1946ರ ಸ್ಥಾಯೀ ಆದೇಶ ಕಾಯಿದೆಯ ಮಾದರಿ ನಿಯಮಗಳೂ ಖಾಯಂ ಕೆಲಸಗಾರನಿಗೆ ಹೋಗುವಾಗ ಸೇವಾಪತ್ರ ಕೊಡಬೇಕೆಂದಿದ್ದವು. ಎರಡೂ ಹೊಸ್ತಿಲು ದಾಟುವವನಿಗೆ. ಒಳಗೆ ದುಡಿಯುತ್ತಲೇ ಅರ್ಜಿ ಹಾಕುವವನಿಗಲ್ಲ. ಗಂಟು ಇರುವುದು ಅಲ್ಲಿಯೇ.

ಹೊಗಳುವ ಮನಸ್ಸಿಲ್ಲದಿದ್ದರೆ ಹೊಗಳಬೇಡಿ, ಸ್ವಾಮೀ. ಮಾಡಿದ ಕೆಲಸವನ್ನು ಬರೆಯಿರಿ. ಕೆಲಸದಲ್ಲಿರುವಾಗಲೇ ಕೇಳಿದ ಹದಿನೈದು ದಿನದೊಳಗೆ ಸೇವಾಪತ್ರ. ಕೇಳಿದ್ದಕ್ಕಾಗಿ ಪಾಳಿ, ಬಡ್ತಿ ಮುಟ್ಟಕೂಡದು. ಈ ಬೇಡಿಕೆಯನ್ನು ಹೋಟೆಲು ಧಣಿಗೂ ಜಪಾನೀ ಧಣಿಗೂ ಒಂದೇ ಕಾಗದದಲ್ಲಿ ಕೊಡುತ್ತೇವೆ.