ಉದುರುವ ಕೂದಲಿನ ಪಂಚಾಂಗ

ಬಾಚಣಿಗೆಯಲ್ಲಿ ನಾಲ್ಕು ಕೂದಲು ಬಂದರೆ ಯಾರೂ ಗಮನಿಸುವುದಿಲ್ಲ. ಒಂದು ದಿನ ಹಿಡಿಯಷ್ಟು ಬಂದಿತೆಂದರೆ ಮನೆಯಲ್ಲಿ ವಿಚಾರಣೆ ಪ್ರಾರಂಭವಾಗುತ್ತದೆ. ಮೊದಲನೆಯ ಆರೋಪಿ ಕೊಳವೆಬಾವಿಯ ನೀರು. ಎರಡನೆಯದು ಹೊಸ ಸಾಬೂನು. ಮೂರನೆಯದು ಅಂಗಡಿಯವನು ಬದಲಿಸಿ ಕೊಟ್ಟ ಎಣ್ಣೆ. ನಿಜವಾದ ಅಪರಾಧಿ ಇವುಗಳಲ್ಲಿ ಯಾವುದೂ ಅಲ್ಲದಿರುವ ಸಂಭವವೇ ಹೆಚ್ಚು. ಎರಡು ಮೂರು ತಿಂಗಳ ಹಿಂದೆಯೇ ಅವನು ಬಂದು ಹೋಗಿರುತ್ತಾನೆ.

ಮನುಷ್ಯನ ತಲೆಯಲ್ಲಿ ಸುಮಾರು 1,00,000 ಕೂದಲುಗಳುಂಟು. ಒಂದೊಂದಕ್ಕೂ ಅದರದೇ ಆಯುಸ್ಸು. 2ರಿಂದ 6 ವರ್ಷಗಳ ಕಾಲ ಬೆಳೆಯುವುದು, ಅನಂತರ ಮೂರು ತಿಂಗಳಷ್ಟು ಬೆಳೆಯದೆ ಸುಮ್ಮನೆ ನಿಲ್ಲುವುದು, ಕಡೆಗೆ ಉದುರಿ ಹೊಸದಕ್ಕೆ ಎಡೆಗೊಡುವುದು—ಇದು ಅದರ ಜೀವನಕ್ರಮ. ಯಾವ ದಿನ ನೋಡಿದರೂ 100ಕ್ಕೆ 85ರಿಂದ 90 ಕೂದಲುಗಳು ಬೆಳೆಯುತ್ತಲೇ ಇರುತ್ತವೆ. ಉಳಿದವುಗಳಲ್ಲಿ ಬಹುಪಾಲು ವಿಶ್ರಾಂತಿಯಲ್ಲಿರುತ್ತವೆ. ಆದುದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ.

ಶರೀರಕ್ಕೆ ದೊಡ್ಡ ಆಘಾತವೊದಗಿದಾಗ ಈ ಲೆಕ್ಕ ತಪ್ಪುತ್ತದೆ. ಟೈಫಾಯಿಡ್, ಡೆಂಗೆಯಂಥ ತೀವ್ರಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ, ಮೈ ಇಳಿಸಲೆಂದು ಹಿಡಿದ ಕಠಿಣ ಉಪವಾಸ—ಇಂಥ ಸಂದರ್ಭದಲ್ಲಿ ಬೆಳೆಯುತ್ತಿದ್ದ ಅನೇಕ ಕೂದಲುಗಳು ಒಮ್ಮೆಗೇ ವಿಶ್ರಾಂತಿಗೆ ಸರಿಯುತ್ತವೆ. ಕಷ್ಟಕಾಲದಲ್ಲಿ ಗೃಹಸ್ಥನು ಮೊದಲು ಅಲಂಕಾರದ ಖರ್ಚನ್ನು ನಿಲ್ಲಿಸುವಂತೆ! ಒಟ್ಟಿಗೆ ನಿಂತವು ಎರಡು ಮೂರು ತಿಂಗಳ ಅನಂತರ ಒಟ್ಟಿಗೇ ಉದುರುತ್ತವೆ. ಅಷ್ಟು ಹೊತ್ತಿಗೆ ಜ್ವರದ ನೆನಪೇ ಮಾಸಿರುತ್ತದೆ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿ ಈ ಸ್ಥಿತಿಯನ್ನು ವಿವರಿಸಿ ಅದಕ್ಕೆ 'ಟೆಲೋಜೆನ್ ಎಫ್ಲೂವಿಯಮ್' ಎಂಬ ಹೆಸರಿತ್ತನು. 2020-21ರಲ್ಲಿ ಕೋವಿಡ್‌ನಿಂದ ಗುಣಹೊಂದಿದ ಅನೇಕರು ಕೆಲವು ತಿಂಗಳ ಬಳಿಕ ಕನ್ನಡಿಯ ಮುಂದೆ ಗಾಬರಿಗೊಂಡುದೂ ಇದರಿಂದಲೇ.

ಬಾಣಂತಿಯ ವಿಷಯ ಇನ್ನೂ ಸೂಕ್ಷ್ಮವಾದುದು. ಗರ್ಭಿಣಿಯಾಗಿದ್ದಾಗ ಏರಿದ ಹಾರ್ಮೋನುಗಳು ಉದುರಬೇಕಾದ ಕೂದಲನ್ನೂ ತಡೆದಿರಿಸುತ್ತವೆ. ಹೆರಿಗೆಯಾಗಿ ಅವು ಇಳಿದೊಡನೆ ಬಾಕಿಯೆಲ್ಲ ಒಮ್ಮೆಗೇ ಸಂದಾಯವಾಗುತ್ತದೆ. ಮಗು ತಾಯಿಯ ಮುಖ ನೋಡಿ ನಗಲಾರಂಭಿಸಿದಾಗ ಅವಳ ಕೂದಲು ಉದುರುವುದೆಂದು ಕೆಲವು ಮನೆಗಳಲ್ಲಿ ಅಜ್ಜಿಯರು ಹೇಳುವುದುಂಟು. ಕಾಲವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಅಪವಾದವನ್ನು ಮಾತ್ರ ಕೂಸಿನ ನಗೆಯ ಮೇಲೆ ಹೊರಿಸಿದರು. ಕೂದಲು ಹೋಯಿತೆಂದು ಆ ತಾಯಿಯನ್ನು ಆಕ್ಷೇಪಿಸುವುದು ಅನ್ಯಾಯ; ಪಥ್ಯದ ಹೆಸರಿನಲ್ಲಿ ಸೊಪ್ಪು, ಬೇಳೆ, ಹಣ್ಣುಗಳನ್ನು ಅವಳ ತಟ್ಟೆಯಿಂದ ತೆಗೆಯುವುದು ಇನ್ನೂ ದೊಡ್ಡ ಅನ್ಯಾಯ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡವಳಿಗೆ ಮೊದಲು ಬೇಕಾದುದು ತುಂಬು ಊಟ.

ಸಮಾಧಾನದ ಸಂಗತಿಯೆಂದರೆ, ಈ ಬಗೆಯಲ್ಲಿ ಬೇರು ಸಾಯುವುದಿಲ್ಲ. ಕಾರಣ ನೀಗಿದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಂತು, ಹೊಸ ಕೂದಲು ತಾನಾಗಿಯೇ ತಲೆಯೆತ್ತುತ್ತದೆ. ಆ ಸಮಯಕ್ಕೆ ಕೈಯಲ್ಲಿ ಯಾವ ಎಣ್ಣೆಯ ಸೀಸೆಯಿರುವುದೋ ಕೀರ್ತಿಯೆಲ್ಲ ಅದಕ್ಕೇ!

ಆದರೆ ಎಲ್ಲವೂ ಹೀಗೆ ತಾನಾಗಿ ಸರಿಹೋಗುವಂಥವಲ್ಲ. ನಾಣ್ಯದ ಗಾತ್ರದಲ್ಲಿ ಅಲ್ಲಲ್ಲಿ ತಲೆ ಬೋಳಾದರೆ ಅದು ಬೇರೆಯೇ ವ್ಯಾಧಿಯಿರಬಹುದು. ಶರೀರದ ರಕ್ಷಣಾಶಕ್ತಿಯೇ ಕೂದಲ ಬೇರಿನ ಮೇಲೆ ತಿರುಗಿಬೀಳುವುದೂ ಉಂಟು. ಆರು ತಿಂಗಳಾದರೂ ನಿಲ್ಲದಿದ್ದರೆ, ಜೊತೆಗೆ ಆಯಾಸ, ಬಿಳಿಚಿಕೊಂಡ ಮುಖ, ಅತಿಯಾದ ಮುಟ್ಟಿನ ಸ್ರಾವಗಳಿದ್ದರೆ, ರಕ್ತದಲ್ಲಿ ಕಬ್ಬಿಣದ ಕೊರತೆಯೋ ಥೈರಾಯ್ಡ್ ಗ್ರಂಥಿಯ ದೋಷವೋ ಇರಬಹುದು. ಅದನ್ನು ಎಣ್ಣೆಯಿಂದ ಮರೆಮಾಚಲಾಗದು. ವೈದ್ಯರ ಪರೀಕ್ಷೆಯೇ ಬೇಕು.

ಹೊಸ ಸೀಸೆಗೆ ಹಣ ತೆರುವ ಮುನ್ನ ಗೋಡೆಯ ಪಂಚಾಂಗದಲ್ಲಿ ಮೂರು ಹಾಳೆ ಹಿಂದಕ್ಕೆ ತಿರುವಿ ನೋಡುವುದು ಒಳ್ಳೆಯದು. ಅದಕ್ಕೆ ಕಾಸಿನ ಖರ್ಚೂ ಇಲ್ಲ.